ಡ್ರೈವಿನ ಬಾಯಿಗೆ ಕುಂಕುಮ

ಹದಿನೆಂಟು ಸಾವಿರಕ್ಕೆ ತಂದದ್ದು, ಎಂಟುನೂರಕ್ಕೆ ಕೊಟ್ಟದ್ದು, ಮೂವತ್ತು ವರ್ಷ ಆಯ್ತು, ಈಗ ಸದಾಶಿವನಗರದಲ್ಲಿ, ಅದನ್ನ ಕೊಂಡ ಗೆಳೆಯ ಅನಂತರಾಜು ಮನೆ ಹಾಲಲ್ಲಿ, ಟೀಪಾಯಿ ಮೇಲೆ ಕೂತಿದೆ ನನ್ನ ಅಟಾರಿ ಕಂಪ್ಯೂಟರು, ಬೂದು ಬಣ್ಣ ಹಳದಿಗೆ ತಿರುಗಿದೆ, ಪಕ್ಕದಲ್ಲಿ ಫ್ಲಾಪಿ ಡ್ರೈವಿನ ಬಾಯಿ, ಅದರ ಅಂಚಿಗೆ ಇನ್ನೂ ಆ ಕುಂಕುಮದ ಚುಕ್ಕೆ — ಒರೆಸಿಲ್ಲ ಇವನು, ಬೇಕೂಂತಲೇ ಬಿಟ್ಟಿದಾನೆ. ಲೋ ಗುರುಪ್ರಕಾಶ, ಏನಾಗಿತ್ತು ಗೊತ್ತೇನ್ಲಾ, ಕುಂಕುಮ ಒಳಗೆ ಹೋಗಿತ್ತು ಅಷ್ಟೇ, ಮೊನ್ನೆ ಅಟ್ಟದಿಂದ ಇಳಿಸಿ ಹತ್ತಿಗೆ ಸ್ಪಿರಿಟ್ ಹಾಕಿ ಒಳಗೆಲ್ಲ ಒರೆಸ್ದೆ, ಹತ್ತು ನಿಮಿಷ ಕಣೋ, ಅಂತಾನೆ. ಹತ್ತು ನಿಮಿಷ. ಶಿರಾ ಗೇಟಿನ ರಿಪೇರಿ ಅಂಗಡೀಲಿ ಕೂತು ಊರವರ ರೇಡಿಯೊ, ಟೇಪು, ಆಂಪ್ಲಿಫೈಯರ್ ಎಲ್ಲ ಬಿಚ್ಚಿ ಒರೆಸಿದವನು ನಾನು, ನನ್ನದನ್ನೇ ಬಿಚ್ಚಲಿಲ್ಲ, ಕೋಪ ಬಂದಿತ್ತಲ್ಲ, ಆಯುಧಪೂಜೆ ದಿನ ಅಂಗಡಿಯ ಸ್ಕ್ರೂಡ್ರೈವರಿಗೆಲ್ಲ ಇಟ್ಟ ಹಾಗೆ ನನ್ನ ಹೆಂಡತಿ ಪ್ರೇಮಲತಾ ಅದಕ್ಕೂ ಕುಂಕುಮ ಇಟ್ಟಳು, ಧಾರಾಳವಾಗಿ, ಮಾರನೇ ದಿನ ಕುಣಿಗಲ್ಲಲ್ಲಿ ನಮ್ಮ ಆರ್ಕೆಸ್ಟ್ರಾ, ಕೀಬೋರ್ಡು ನುಡಿಸಬೇಕಾದ್ದು ಇದೇ ಮಿಷಿನ್, ಸ್ಟೇಜಿನ ಮೇಲೆ ಡ್ರೈವು ಗರಗರ ಅಂತು, ಫ್ಲಾಪಿ ಓದಲಿಲ್ಲ, ಜನ ಶಿಳ್ಳೆ ಹಾಕಿದರು, ಮನೆಗೆ ಬಂದು ಅವಳಿಗೆ ಅಂದೆ, ನನ್ನ ಮಿಷಿನ್ ಕೊಂದವಳು ನೀನೇ ಕಣೇ, ಇನ್ನೇನೇನು ಕೊಲ್ತೀಯ. ಆ ಫ್ಲಾಪಿಯಲ್ಲಿದ್ದ ರಾಗ ಅವಳದೇ — ಗುಬ್ಬಿಯಿಂದ ಹೊಸದಾಗಿ ಬಂದವಳು, ಚಪಾತಿ ಲಟ್ಟಿಸುತ್ತ ಗುನುಗುತ್ತಿದ್ದಳು, ನಾನು ಒಂದೊಂದೇ ಸ್ವರ ಕಂಪ್ಯೂಟರಿನ ಸೀಕ್ವೆನ್ಸರಿಗೆ ತುಂಬಿದೆ, ಪರದೆ ಮೇಲೆ ಸಣ್ಣ ಸಣ್ಣ ಗೆರೆ, ಒಂದು ಗುಂಡಿ ಒತ್ತಿದರೆ ಕೀಬೋರ್ಡು ತಾನೇ ನುಡಿಸೋದು, ಹಿಟ್ಟಿನ ಕೈಯಲ್ಲೇ ಓಡಿ ಬಂದು, ಅಯ್ಯೋ ಇದು ನಾನು ಕಣ್ರೀ ಅಂದಿದ್ದಳು. ಆ ಬೈಗುಳದ ಮೇಲೆ ಗುನುಗಲಿಲ್ಲ, ಯಾಕೆ ಅಂತ ನಾನೂ ಕೇಳಲಿಲ್ಲ, ಅಡುಗೆಮನೆಗೆ ಒಂದು ರೇಡಿಯೊ ತಂದಿಟ್ಟೆ. ಬನ್ನಿ ಅತ್ತಿಗೆ, ಅಂತ ಈಗ ಅವಳನ್ನ ಕರೀತಾನೆ ಅನಂತರಾಜು, ಇಲ್ಲೇ ಕೂತ್ಕೊಳ್ಳಿ, ಇವನ ಫ್ಲಾಪಿ ಒಳಗೇ ಸಿಕ್ಕಾಕೊಂಡಿತ್ತು, ಕೇಳಿ — ಒತ್ತಿದ, ಬಂತು ಆ ರಾಗ, ಮೂರನೇ ಸಾಲಲ್ಲಿ ನಾನು ತಪ್ಪು ಒತ್ತಿದ ಸ್ವರದ ಸಮೇತ, ಎಷ್ಟಾದರೂ ತಗೋ, ವಾಪಸ್ ಕೊಡು ಅನ್ನಬೇಕು, ಕೊಡಲ್ಲ ಇವನು, ನಾನಾದರೂ ಕೊಡ್ತಿರಲಿಲ್ಲ, ಒಳ್ಳೆಯವನೇ, ಅದಕ್ಕೇ ಜಾಸ್ತಿ ಉರಿಯೋದು — ಇನ್ನೊಂದು ದನಿ ಸೇರಿತು, ಸಣ್ಣದು, ನಡುಗುವ ದನಿ, ತಿರುಗಿದರೆ ಪ್ರೇಮಲತಾ, ಕಾಫಿ ಲೋಟ ಹಿಡಿದು, ಕಣ್ಣು ಪರದೆ ಮೇಲೆ, ಗುನುಗುತ್ತಿದ್ದಾಳೆ, ಇವನ ಮನೆಯಲ್ಲಿ, ಇವನ ಎದುರಿಗೆ, ಭಲೇ ಅತ್ತಿಗೆ ಅಂತಾನೆ ಇವನು, ಅವಳು ನಗ್ತಾಳೆ. ಮಿಷಿನ್ ಹೋದದ್ದಕ್ಕೆ ಎಂಟುನೂರು ಬಂತು. ನನ್ನ ಮನೆಯಿಂದ ಅವಳ ಗುನುಗು ಹೋಯ್ತು, ನಾನು ಮಾಡದ ಹತ್ತು ನಿಮಿಷದ ಕೆಲಸಕ್ಕೆ, ಒಂದು ಚೂರು ಹತ್ತಿಗೆ, ಡ್ರೈವಿನ ಬಾಯಿ, ಅದರ ಅಂಚಿನ ಕುಂಕುಮ, ಕೆಂಪಗೆ, ಇನ್ನೂ ಕೆಂಪಗೆ