ಎಬ್ಬಿಸಿ ಕೂರಿಸುವವನು

ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಲಸಿಕೆ ಹಾಕುತ್ತೇವೆ, ಜೊತೆಗೆ ಅವರನ್ನು ನೋಡಿಕೊಳ್ಳುವ ಒಬ್ಬರಿಗೂ ಹಾಕುತ್ತೇವೆ ಎಂದು ಆರೋಗ್ಯ ಕೇಂದ್ರದವರು ಹೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಅಲ್ಲಿಯವರೆಗೆ ಅಮ್ಮನನ್ನು ನೋಡಿಕೊಳ್ಳಲು ನಾನೊಬ್ಬನೇ ಇದ್ದೆ. ಸುದ್ದಿ ಹಬ್ಬಿದ ಮೇಲೆ ಮೂವರಾದೆವು.

ನಾನು ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ಅವಳು ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ಅವಳ ಕೈಕಾಲು ನಾನೇ. ನೀರು ಕುಡಿಯಬೇಕಾದರೆ ಎಬ್ಬಿಸಿ ಕೂರಿಸಬೇಕು, ಕೆಮ್ಮಬೇಕಾದರೆ ಕೂರಿಸಬೇಕು, ಬೈಯಬೇಕಾದರಂತೂ ಕೂರಿಸಲೇಬೇಕು. ಮಲಗಿಕೊಂಡು ಬೈದರೆ ತೂಕವಿರುವುದಿಲ್ಲವಂತೆ. ನಾನು ಕಾಲರ್ ಕೂರಿಸುತ್ತಿರುವ ಹೊತ್ತಿಗೇ ಸರಿಯಾಗಿ "ಲೋ, ಎಬ್ಸೋ" ಎಂದು ಕೂಗು ಬರುತ್ತದೆ. ಎಬ್ಬಿಸಿ ಬಂದು ದಾರ ಪೋಣಿಸುವಷ್ಟರಲ್ಲಿ "ಲೋ, ಮಲಗ್ಸೋ."

ಈ ಹಾಳು ರೋಗ ಬಂದ ಮೇಲೆ ನನ್ನ ಜೀವದಲ್ಲಿ ಜೀವವಿರಲಿಲ್ಲ. ದೂರ ನಿಂತು ಎದೆಯ ಸುತ್ತಳತೆ ತೆಗೆಯಲಾಗುತ್ತದೆಯೇ? ಗಿರಾಕಿಗಳು ನನ್ನ ಮುಖದ ಹತ್ತಿರವೇ ಕೆಮ್ಮುತ್ತಿದ್ದರು, ನಾನು ಉಸಿರು ಬಿಗಿಹಿಡಿದು ಟೇಪು ಸುತ್ತುತ್ತಿದ್ದೆ. ಮೊದಲೇ ನನ್ನದು ಉಬ್ಬಸದ ಎದೆ. ನನಗೆ ತಗುಲಿದರೆ ಅಮ್ಮನಿಗೂ ತಗುಲಿದಂತೆಯೇ. ಆಮೇಲೆ ಯಾರು ಯಾರನ್ನು ಎಬ್ಬಿಸುವುದು? ಆ ಒಂದು ಸೂಜಿ ನನಗೆ ಬೇಕೇ ಬೇಕಿತ್ತು.

ನರ್ಸಮ್ಮ ಬರುವ ದಿನ ಬೆಳಗ್ಗೆಯೇ ಅಣ್ಣ ಬಂದ. ಅವನ ಬೆನ್ನಿಗೇ ಅಕ್ಕ. ಇಬ್ಬರನ್ನೂ ಈ ಮನೆಯಲ್ಲಿ ಒಟ್ಟಿಗೆ ನೋಡಿ ಎಷ್ಟು ಕಾಲವಾಗಿತ್ತೋ!

"ನನಗೆ ಶುಗರ್ ಇದೆ ಕಣೋ," ಎಂದ ಅಣ್ಣ, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ನನ್ನ ಸರದಿ ಯಾವಾಗ ಬರುತ್ತೋ ಏನೋ. ಅಮ್ಮನ್ನ ನೋಡ್ಕೊಳ್ಳೋನು ನಾನೇ ಅಂತ ಹೇಳ್ಬಿಡು. ನಿನ್ನ ಗಂಟೇನು ಹೋಗುತ್ತೆ?"

"ನೀನು ನೋಡ್ಕೊಳ್ತೀಯಾ?"

"ದಿನಾ ಸಂಜೆ ಫೋನ್ ಮಾಡಿ ವಿಚಾರಿಸಲ್ವಾ?"

"ಫೋನಲ್ಲೇ ಎತ್ತಿ ಕೂರಿಸ್ತೀಯಾ?"

ಅಕ್ಕ ಟೀಚರ್. ಜಗಳದಲ್ಲೂ ಪಾಠ ಮಾಡುತ್ತಾಳೆ. "ಇಬ್ರೂ ಸುಮ್ನಿರಿ. ಶಾಲೆ ಮತ್ತೆ ಶುರುವಾಗಿದೆ. ತುಂಬಿದ ಕ್ಲಾಸಲ್ಲಿ ನಿಲ್ಲೋಳು ನಾನು. ಅಮ್ಮನಿಗೆ ಹೊಸ ಬೆಡ್‌ಶೀಟ್ ತಂದ್ಕೊಟ್ಟೋಳೂ ನಾನೇ."

"ದಿನಾ ಅದನ್ನ ಒಗೆಯೋನು ಯಾರು?"

"ಅದೇನು ಮಹಾ ವಿಷಯ ಬಿಡೋ."

ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಶುಗರೂ ನಿಜ, ಅಕ್ಕನ ಶಾಲೆಯೂ ನಿಜ. ಇಬ್ಬರ ಭಯವೂ ಸುಳ್ಳಲ್ಲ. ಸುಳ್ಳಾಗಿದ್ದರೆ ಕತ್ತು ಹಿಡಿದು ಹೊರಗೆ ದಬ್ಬಬಹುದಿತ್ತು.

ನರ್ಸಮ್ಮ ಹೆಗಲಿಗೆ ಐಸ್ ಡಬ್ಬಿ ತೂಗಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಬಂದಳು. ಅಮ್ಮನಿಗೆ ಮೊದಲು ಚುಚ್ಚಿದಳು. "ಇಷ್ಟೇನಾ?" ಎಂದಳು ಅಮ್ಮ, ಏನೋ ಮೋಸವಾಯಿತು ಎನ್ನುವ ಹಾಗೆ.

"ನಿಮ್ಮ ಮನೆಗೆ ಇನ್ನೊಂದೇ. ಉಳಿದದ್ದೆಲ್ಲ ಬೇರೆ ಮನೆಯವರದ್ದು. ಅಜ್ಜೀನ ನೋಡ್ಕೊಳ್ಳೋರು ಯಾರು?"

"ನಾನು," ಎಂದೆವು ಮೂವರೂ.

ನರ್ಸಮ್ಮ ಮೂರು ಮುಖಗಳನ್ನೂ ನೋಡಿದಳು. "ಅಜ್ಜಿ ಪುಣ್ಯವಂತೆ," ಎಂದು ನಿಟ್ಟುಸಿರಿಟ್ಟಳು. "ಅಜ್ಜೀ, ನೀವೇ ಹೇಳಿಬಿಡಿ. ನಾನು ಇನ್ನೂ ಊರೆಲ್ಲ ಸುತ್ತಬೇಕು."

"ಲೋ, ಎಬ್ಸೋ," ಎಂದಳು ಅಮ್ಮ. ಎಬ್ಬಿಸಿ ಕೂರಿಸಿದೆ. ಅವಳು ನಮ್ಮನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿ ಹೇಳಿದಳು:

"ದೊಡ್ಡವನಿಗೆ ಹಾಕಮ್ಮ."

ನನ್ನ ಕೈ ಇನ್ನೂ ಅವಳ ಬೆನ್ನ ಹಿಂದೆಯೇ ಇತ್ತು. ಅಣ್ಣ ಆಗಲೇ ತೋಳು ಮಡಚುತ್ತಿದ್ದ. ಅದೂ ನಾನೇ ಹೊಲಿದುಕೊಟ್ಟ ಶರ್ಟು.

"ಆಯ್ತು!" ಎಂದು ಕಿರುಚಿದೆ. "ನಾಳೆಯಿಂದ ದೊಡ್ಡವನೇ ಬಂದು ನಿನ್ನ ಪಾಟ್ ಎತ್ತಲಿ! ಹಗಲೂ ರಾತ್ರಿ ಕತ್ತೆ ಥರ ದುಡಿದ್ರೂ ಹೆತ್ತ ತಾಯಿ ಕಣ್ಣಿಗೆ ನಾನು ಕಾಣಲ್ಲ ಅಂದ್ರೆ..." ಅತ್ತುಬಿಡುತ್ತೇನೇನೋ ಎಂದು ನಾಚಿಕೆಯಾಯಿತು.

"ಬಾಯ್ಮುಚ್ಚೋ. ಪೂರ್ತಿ ಕೇಳು," ಎಂದಳು ಅಮ್ಮ. "ಮೊದ್ಲು ದೊಡ್ಡವನಿಗೆ ಹಾಕ್ಲಿ. ಏನಾಗುತ್ತೆ ನೋಡೋಣ. ಅವನಿಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ನೀನು ಹಾಕಿಸ್ಕೋ."

ಅಣ್ಣನ ಕೈ ತೋಳಿನ ಮೇಲೆಯೇ ನಿಂತಿತು. ಅಕ್ಕನಿಗೆ ಕಿಸಕ್ಕನೆ ನಗು ಬಂತು.

"ಇಲ್ದಿದ್ರೆ ಇವಳಿಗೆ ಹಾಕಿ ನೋಡಿ," ಎಂದಳು ಅಮ್ಮ. ಅಕ್ಕನ ನಗು ಅಲ್ಲಿಗೇ ನಿಂತಿತು.

"ಅಯ್ಯೋ ಅಜ್ಜೀ, ಇದ್ರಿಂದ ಯಾರಿಗೂ ಏನೂ ಆಗಲ್ಲ," ಎಂದು ನರ್ಸಮ್ಮ ಹಣೆ ಚಚ್ಚಿಕೊಂಡಳು. "ಒಂದಿನ ಜ್ವರ ಬರಬಹುದು, ಅಷ್ಟೇ. ಈಗ ನಿಮಗೇ ಹಾಕಿದ್ನಲ್ಲ!"

"ನಂದೇನಮ್ಮ, ಹೋಗೋ ಜೀವ."

ಅಣ್ಣ ಮಂಚದ ಹತ್ತಿರ ಬಂದ. ತಲೆ ನರೆತವನು ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ: "ಅಂದ್ರೆ, ನಾನು ಹೋದ್ರೆ ಪರವಾಗಿಲ್ವಾ ಅಮ್ಮ?"

"ನೀನು ಹೋದ್ರೆ ಅಳ್ತೀನಿ ಕಣೋ. ಎದೆ ಬಡ್ಕೊಂಡು ಅಳ್ತೀನಿ," ಎಂದಳು ಅಮ್ಮ. "ಇವನು ಹೋದ್ರೆ, ಅಳೋದಕ್ಕೆ ನನ್ನನ್ನ ಎಬ್ಬಿಸಿ ಕೂರ್ಸೋರೂ ಇರಲ್ಲ."

ಅಣ್ಣ ಮಡಚಿದ ತೋಳನ್ನು ಇಳಿಸಿ, ಗುಂಡಿ ಹಾಕಿಕೊಂಡ.

"ಅವನಿಗೇ ಹಾಕಿ ಸಿಸ್ಟರ್," ಎಂದ. ಅಕ್ಕ ತಲೆಯಾಡಿಸಿದಳು.

ಅಮ್ಮ ಬೇಡ ಬೇಡ ಎಂದು ಬಡಕೊಳ್ಳುತ್ತಿದ್ದಂತೆಯೇ ನರ್ಸಮ್ಮ ನನಗೆ ಚುಚ್ಚಿದಳು. ಸ್ವಲ್ಪ ಹೊತ್ತು ನನ್ನನ್ನು ಕೂರಿಸಿ ನೋಡಿ, ಡಬ್ಬಿ ಹೊತ್ತುಕೊಂಡು ಹೊರಟಳು. ಅಕ್ಕನೂ ಶಾಲೆಗೆ ಹೋದಳು. ಅಮ್ಮ ಮಾತ್ರ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.

"ಲೋ, ಇದ್ದೀಯಾ?"

"ಎದುರಿಗೇ ಕೂತಿದ್ದೀನಲ್ಲಮ್ಮ, ಕಾಣಲ್ವಾ?"

"ಕೂತಿರೋದು ಕಾಣುತ್ತೆ. ಇದ್ದೀಯಾ ಅಂತ ಕೇಳ್ದೆ."

ಮಧ್ಯಾಹ್ನದ ಹೊತ್ತಿಗೆ ಮೈ ಬಿಸಿಯಾಯಿತು, ತೋಳು ಮೇಲೇಳದಷ್ಟು ಭಾರವಾಯಿತು. ಚಾಪೆಯ ಮೇಲೆ ಬಿದ್ದುಕೊಂಡೆ. ಆಗಲೇ, ಬಿಟ್ಟಾಳೇ, "ಲೋ, ಎಬ್ಸೋ!"

ಹಲ್ಲು ಕಚ್ಚಿಕೊಂಡು ಏಳಹೊರಟರೆ ಹೆಗಲ ಮೇಲೆ ಒಂದು ಕೈ ಬಿತ್ತು. ಅಣ್ಣ. ಅವನು ಮನೆಗೆ ಹೋಗಿಯೇ ಇರಲಿಲ್ಲ, ಮುಂದಿನ ಕೋಣೆಯಲ್ಲೇ ಕೂತಿದ್ದನಂತೆ.

"ಮಲ್ಕೋ," ಎಂದ. "ಹೇಗೆ ಎತ್ತೋದು, ಹೇಳು."

"ಬಲಗೈ ಬೆನ್ನ ಹಿಂದೆ ಹಾಕು. ಬಲಗೈ ಅಂದ್ನಲ್ಲ! ಎಡಗೈ ಮಂಡಿ ಕೆಳಗೆ. ಎಳೀಬೇಡ್ವೋ, ಅದೇನು ಅಕ್ಕಿ ಮೂಟೆನಾ? ಅವಳ ಉಸಿರು ನೋಡ್ಕೊಂಡು ಎತ್ತು."

"ಅಯ್ಯಯ್ಯೋ, ಸಾಯಿಸ್ತಾನಪ್ಪ ಇವನು!" ಎಂದು ಅಮ್ಮ ಚೀರಿದಳು. ಅಣ್ಣ ಬೆವರಿದ, ತಡವರಿಸಿದ, ಮತ್ತೆ ಹಿಡಿದ. ಕೊನೆಗೂ ಅಮ್ಮ ಎದ್ದು ಕೂತಳು.

ನೀರು ಕೇಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡನ್ನೂ ಮಾಡದೆ ಅಳತೊಡಗಿದಳು. ಅಣ್ಣ ಹೆದರಿ ಅವಳ ಬೆನ್ನಿನಿಂದ ಕೈ ತೆಗೆಯಲೇ ಇಲ್ಲ.

"ಈಗ ಯಾರು ಸತ್ರು ಅಂತ ಅಳ್ತಿದ್ದೀಯಮ್ಮ?" ಎಂದು ಚಾಪೆಯಿಂದಲೇ ಗದರಿದೆ.

"ಯಾರೂ ಸತ್ತಿಲ್ಲ," ಎಂದಳು, ಅಣ್ಣನ ಶರ್ಟಿನ ತೋಳಿಗೇ ಮೂಗು ಒರೆಸುತ್ತಾ. "ಇವನೂ ಎಬ್ಬಿಸಿ ಕೂರಿಸ್ದ ಕಣೋ, ಅದಕ್ಕೆ."