ಸ್ಟ್ರೆಚರಿನ ಕೆಳಗಿನ ರೆಪ್ಪೆ

ಪೇಟೆಂಟ್ ಕಚೇರಿಯಲ್ಲಿ ಅವಳಿಗೆ ಹೊಸದೇನಮ್ಮ ಎಂದು ಹೆಸರಿಟ್ಟವರು ಯಾರೋ, ಹೆಸರಂತೂ ಅಂಟಿಕೊಂಡುಬಿಟ್ಟಿತ್ತು. ಎದುರು ಕೂತವರು ಎಂಥ ಯಂತ್ರವನ್ನೇ ತಂದಿಡಲಿ, ಎಷ್ಟೇ ಬಣ್ಣ ಕಟ್ಟಿ ಹೇಳಲಿ, ಎಲ್ಲ ಕೇಳಿಸಿಕೊಂಡು ಕೊನೆಗೆ ಕನ್ನಡಕ ಮೇಲೇರಿಸಿ "ಸರಿ, ಇದರಲ್ಲಿ ಹೊಸದೇನು?" ಎನ್ನುವುದು ಈ ಪರೀಕ್ಷಕಿಯ ಪದ್ಧತಿ. ಮನೆಯಲ್ಲಿ ಜೋಕು ಹೇಳಿದರೂ ಅದೇ ಪ್ರಶ್ನೆ ಬರುತ್ತದೆಂದು ಗಂಡ ಜೋಕು ಹೇಳುವುದನ್ನೇ ಬಿಟ್ಟಿದ್ದ. ಅಂಥವಳು ಆವತ್ತು ಬೆಳಿಗ್ಗೆಯಿಂದ ಯಾರನ್ನೂ ಆ ಪ್ರಶ್ನೆ ಕೇಳಿರಲಿಲ್ಲ.

ಕಾರಣ, ಮೇಜಿನ ಮೇಲಿದ್ದ ಎರಡು ಅರ್ಜಿಗಳು. ಎರಡೂ ಒಂದೇ ಸಾಧನದ್ದು. ಆಂಬುಲೆನ್ಸಿನಲ್ಲಿ ಸ್ಟ್ರೆಚರಿನ ಕೆಳಗೆ ಕೂರಿಸಿದರೆ ಮಲಗಿದವರಿಗೆ ಕುಲುಕಾಟ ತಟ್ಟುವುದಿಲ್ಲ. ಒಂದು ದಪ್ಪ ಕೊಳವೆ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಒಂದು ತೂತು, ಆ ತೂತಿಗೆ ಕಣ್ಣಿನ ರೆಪ್ಪೆಯ ಹಾಗೆ ತೆರೆದು ಮುಚ್ಚುವ ಒಂದು ತುಂಡು. ಗಾಡಿ ಗುಂಡಿಗೆ ಬಿದ್ದಾಗ ರೆಪ್ಪೆ ತೆರೆದು ಎಣ್ಣೆಗೆ ದಾರಿ ಬಿಡುತ್ತದೆ. ಸ್ಟ್ರೆಚರು ಮೇಲಕ್ಕೆ ಪುಟಿಯಹೋದಾಗ ಮುಚ್ಚಿಕೊಂಡು ಹಿಡಿದು ಕೂರಿಸುತ್ತದೆ. ಇಷ್ಟೇ. ಒಳ್ಳೆಯ ಉಪಾಯಗಳೆಲ್ಲ ಕೇಳಿದ ಮೇಲೆ ಇಷ್ಟೇನಾ ಅನ್ನಿಸುತ್ತವೆ ಬಿಡಿ, ಮೊದಲು ಹೊಳೆಯಬೇಕಲ್ಲ!

ಒಂದು ಅರ್ಜಿ ದೊಡ್ಡ ಕಂಪನಿಯದು. ಇನ್ನೊಂದು, ಕೆಲವು ತಿಂಗಳು ತಡವಾಗಿ ಬಂದದ್ದು, ಆಸ್ಪತ್ರೆಯ ಒಬ್ಬ ಆಂಬುಲೆನ್ಸ್ ಡ್ರೈವರನದು. ಮೊದಲು ಬಂದವರದೇ ಹಕ್ಕು. ಕಂಪನಿಯ ಅರ್ಜಿಗಿಂತ ಹಳೆಯದೇನಾದರೂ ಸಿಕ್ಕದಿದ್ದರೆ ಹಕ್ಕು ಕಂಪನಿಗೆ ಹೋಗುತ್ತದೆ, ಆಮೇಲೆ ಯಾವ ಗಾಡಿಯಲ್ಲಿ ಅಂಥದ್ದಿದ್ದರೂ ಕಿತ್ತುಹಾಕಬೇಕು. ಹಾಗೆಂದು ಕಂಪನಿಯವರು ಆಸ್ಪತ್ರೆಗೆ ಆಗಲೇ ಎಚ್ಚರಿಕೆ ಕೊಟ್ಟಿದ್ದೂ ಆಗಿತ್ತು. ಹಳೆಯದಕ್ಕಾಗಿ ಪರೀಕ್ಷಕಿ ದೇಶವಿದೇಶದ ಕಡತಗಳನ್ನು ಜಾಲಾಡಿದ್ದಳು. ಬಾಗಿಲಿನದು ಸಿಕ್ಕಿತು, ಫಿರಂಗಿಯದು ಸಿಕ್ಕಿತು, ಬಟ್ಟೆ ಒಗೆಯುವ ಮೆಷಿನ್ನಿನದೂ ಸಿಕ್ಕಿತು. ಸ್ಟ್ರೆಚರಿನದು ಮಾತ್ರ ಎಲ್ಲೂ ಇರಲಿಲ್ಲ.

ವಿಚಾರಣೆಗೆ ಡ್ರೈವರ್ ಬಂದ. ಐವತ್ತು ದಾಟಿದವನು, ಗಿಡ್ಡ, ಅಗಲ ಭುಜ, ಇಸ್ತ್ರಿ ಮಾಡಿದ ಯೂನಿಫಾರ್ಮು. ಕಂಕುಳಲ್ಲಿ ಕಂಬಳಿಯಲ್ಲಿ ಸುತ್ತಿದ ಸಾಧನ. ಜೊತೆಗೆ ಅವನ ಪೇಟೆಂಟ್ ಏಜೆಂಟ್, ಅಂದರೆ ಅವನ ಮಗಳ ಗಂಡನೇ. ಮಾವನ ಕೇಸನ್ನು ಅಳಿಯ ವಾದಿಸುವುದೆಂದರೆ ಗೊತ್ತಲ್ಲ, ಗೆದ್ದರೆ ವಿದ್ಯೆ, ಸೋತರೆ ಮನೆಗೆ ಹೋಗುವ ಹಾಗಿಲ್ಲ.

"ಮಾವ, ನೀವು ಬಾಯಿ ಬಿಡೋ ಹಾಗಿಲ್ಲ, ನೆನಪಿದೆ ತಾನೆ?" ಎಂದು ಅವನು ಬಾಗಿಲಲ್ಲೇ ಪಿಸುಗುಟ್ಟಿದ್ದು ಒಳಗಿದ್ದ ಪರೀಕ್ಷಕಿಗೂ ಹೇಳಿಕೆ ಬರೆದುಕೊಳ್ಳಲು ಕೂತಿದ್ದ ಟೈಪಿಸ್ಟಿಗೂ ಚೆನ್ನಾಗಿಯೇ ಕೇಳಿಸಿತು.

"ಅಳಿಯಂದ್ರೇ, ಬಾಯಿಗೆ ಬೀಗ ಹಾಕ್ಕೊಂಡೇ ಬಂದಿದೀನಿ."

ಏಜೆಂಟ್ ವಾದ ಶುರು ಮಾಡಿದ. ಕಂಪನಿಯ ಚಿತ್ರದಲ್ಲಿರುವ ರೆಪ್ಪೆ ತಗಡಿನದು, ತಮ್ಮದು ರಬ್ಬರಿನದು. ಆದ್ದರಿಂದ ಇದು ಬೇರೆಯದೇ ಸಾಧನ. ಹುಡುಗ ಜಾಣ, ಚೆನ್ನಾಗಿಯೇ ಓದಿಕೊಂಡು ಬಂದಿದ್ದ. ಆದರೆ ಪರೀಕ್ಷಕಿಯ ಮುಖ ಸಡಿಲವಾಗಲಿಲ್ಲ. ಕಂಪನಿಯವರು ಅರ್ಜಿಯಲ್ಲಿ ಬರೀ ರೆಪ್ಪೆ ಎಂದಿದ್ದಾರೆ, ಯಾವುದರದೆಂದು ಹೇಳಿಯೇ ಇಲ್ಲ. ತಗಡಿನ ಬದಲು ರಬ್ಬರ್ ಹಾಕುವುದು ಯಾವ ಮೆಕ್ಯಾನಿಕ್ಕಿಗೂ ಹೊಳೆಯುವ ಮಾತು. ಈ ವಾದ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗೆ ಅವಳು ನೋಡಿದ ನೋಟದಿಂದ ಡ್ರೈವರನಿಗೂ ಗೊತ್ತಾಯಿತು.

"ಸರಿ, ಇದರಲ್ಲಿ ಹೊಸದೇನು?" ಎಂದಳು.

ಅಷ್ಟೇ ಸಾಕಾಯಿತು, ಬೀಗ ಕಳಚಿತು. "ಅಮ್ಮಾ, ಕೆಲಸ ಮಾಡುತ್ತೋ ಇಲ್ವೋ ಅಂತ ಅನುಮಾನ ಇದ್ರೆ ನಮ್ಮ ಆಸ್ಪತ್ರೆ ಅಂಗಳಕ್ಕೆ ಬನ್ನಿ. ಯಾವ ಡ್ರೈವರ್‌ನ ಬೇಕಾದ್ರೂ ಕೇಳಿ. ಬೆನ್ನುಮೂಳೆ ಮುರಿದೋರನ್ನ ಕೂಡ ಇದರ ಮೇಲೆ..."

ಏಜೆಂಟ್ ಕೆಮ್ಮಿದ. ಮೇಜಿನ ಕೆಳಗೆ ಮಾವನ ಕಾಲನ್ನೂ ತುಳಿದ. ಪಾಪ, ತುಳಿದದ್ದು ಟೈಪಿಸ್ಟಳ ಕಾಲನ್ನು. ಅವಳು "ಅಯ್ಯೋ" ಎಂದಳು. ಯಾರೂ ನಗಲಿಲ್ಲ.

ತಾನು ಮಾಡಿದ್ದು ಕೆಲಸಕ್ಕೆ ಬರುತ್ತದೆ ಎಂದು ತೋರಿಸುವ ಭರದಲ್ಲಿ, ಅದು ಮೊದಲೇ ಜನರ ಕೈಯಲ್ಲಿತ್ತು ಎಂದು ಹೇಳಿಬಿಡುವುದು! ಈ ಕೋಣೆಯಲ್ಲಿ ಎಷ್ಟೋ ಜನ ಹೀಗೆ ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಂಡದ್ದನ್ನು ಪರೀಕ್ಷಕಿ ನೋಡಿದ್ದಳು. ಅರ್ಜಿಗಿಂತ ಮೊದಲೇ ಹತ್ತು ಜನಕ್ಕೆ ತೋರಿಸಿದ ವಸ್ತು ಕಾನೂನಿನ ಕಣ್ಣಿಗೆ ಹೊಸದಲ್ಲ. ಇವನು ಇನ್ನೊಂದು ಮಾತು ಆಡಿದರೆ ಇವನ ಅರ್ಜಿ ಸತ್ತ ಹಾಗೆ. ಆದರೆ ಆ ಬಳಕೆ ಕಂಪನಿಯ ಅರ್ಜಿಗಿಂತಲೂ ಹಳೆಯದಾಗಿದ್ದರೆ ಅದೇ ಮಾತು ಕಂಪನಿಯ ಅರ್ಜಿಯನ್ನೂ ಕೊಲ್ಲುತ್ತದೆ. ಅವಳು ಕಡತಗಳಲ್ಲಿ ಹುಡುಕಿ ಹುಡುಕಿ ಸೋತದ್ದು ಈ ಮನುಷ್ಯನ ನಾಲಿಗೆಯ ತುದಿಯಲ್ಲಿತ್ತು. ಹೇಳು ಎನ್ನುವ ಹಾಗಿಲ್ಲ, ಹೇಳಬೇಡ ಎನ್ನುವ ಹಾಗೂ ಇಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಸ್ಥಿತಿ ಅವಳದು.

ಪ್ರಶ್ನೆ ಕೇಳುವುದು ಮಾತ್ರ ಅವಳ ಕರ್ತವ್ಯ. ಕೇಳಿದಳು. "ಅಂಗಳದಲ್ಲಿ ಇದನ್ನ ಯಾವಾಗಿಂದ ಬಳಸ್ತಿದೀರಿ?"

"ಮೇಡಂ, ಐದು ನಿಮಿಷ ಬಿಡುವು ಬೇಕು," ಎಂದು ಏಜೆಂಟ್ ಕುರ್ಚಿ ತಳ್ಳಿ ಎದ್ದೇಬಿಟ್ಟ.

ಇಬ್ಬರೂ ಮೊಗಸಾಲೆಗೆ ಹೋದರು. ಬಾಗಿಲು ಹಾಕಿದ್ದರೂ ಮೇಲಿನ ಗಾಜಿನ ಕಿಟಕಿ ಮುಚ್ಚಿರಲಿಲ್ಲ. ಕಿವಿ ಮುಚ್ಚಿಕೊಳ್ಳಿ ಎಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ.

"ಅರ್ಜಿ ಹಾಕೋ ಮುಂಚೆ ಯಾರಿಗೂ ತೋರಿಸಿಲ್ಲ ಅಂತ ಒಂದು ಮಾತು ಹೇಳಿ ಮಾವ. ಒಂದೇ ಮಾತು."

"ಊರಿಗೆಲ್ಲ ತೋರಿಸಿದೀನಲ್ಲಪ್ಪಾ! ಅಂಗಳದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದೀನಿ. ಆ ಕಂಪನಿ ಎಂಜಿನಿಯರ್ ಅವರಪ್ಪನ್ನ ನನ್ನ ಗಾಡೀಲೇ ಕರ್ಕೊಂಡು ಬಂದಿದ್ದು. ಯಾಕಣ್ಣಾ ಕುಲುಕ್ತಿಲ್ಲ ಅಂದ. ಬಿಚ್ಚಿ ತೋರಿಸಿದೆ. ಖುಷಿಯಾಗಿ ತೋರಿಸಿದೆ."

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಎಂದು ಏಜೆಂಟ್ ಹಲ್ಲು ಕಡಿದ. "ಈಗ ನಿಜ ಹೇಳಿದ್ರೆ ಈ ಜನ್ಮದಲ್ಲಿ ನಿಮ್ಮ ಹೆಸರಿಗೆ ಪೇಟೆಂಟ್ ಬರಲ್ಲ. ನಿಮ್ಮ ಮಗಳಿಗೆ ನಾನೇನು ಹೇಳ್ಲಿ?"

ಡ್ರೈವರನ ದನಿ ಇಳಿಯಿತು. "ನಂಗೂ ಆಸೆ ಇದೆಯಪ್ಪಾ. ಇಷ್ಟು ವರ್ಷ 'ಏ ಡ್ರೈವರ್' ಅಂತಾನೇ ಕರೆಸ್ಕೊಂಡೆ. ಗಾಡಿ ಮೆಲ್ಲಗೆ ಓಡಿಸ್ತೀನಿ ಅಂತ ಅಂಗಳದೋರು ಮೆಲ್ಲಗಣ್ಣ ಅಂತಾರೆ. ಇದನ್ನ ಮಾಡಿದೋನು ಇವನು ಅಂತ ಒಂದು ಸರ್ಕಾರಿ ಕಾಗದದಲ್ಲಿ ಹೆಸರು ನೋಡಬೇಕು ಅಂತ ಇತ್ತು."

ಟೈಪಿಸ್ಟ್ ಕೀಲಿಮಣೆ ನೋಡುತ್ತ ಕೂತಿದ್ದಳು. ಇಬ್ಬರೂ ಒಳಗೆ ಬಂದಾಗ ಏಜೆಂಟನ ಮುಖ ಬಿಗಿದಿತ್ತು. ಡ್ರೈವರ್ ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತ.

"ಅಮ್ಮಾ, ಇದು ಮೊದಲೇ ಜನಕ್ಕೆ ಗೊತ್ತಿತ್ತು ಅಂದ್ರೆ ಏನಾಗುತ್ತೆ?"

"ಮಾವ!"

ಸಲಹೆ ಕೊಟ್ಟರೆ ಅವಳ ಕೆಲಸಕ್ಕೇ ಸಂಚಕಾರ. ಈ ಅಳಿಯನೇ ನಾಳೆ ದೂರು ಬರೆದಾನು. ಕಾನೂನು ಏನೆಂದು ಕೇಳಿದವರಿಗೆ ಹೇಳಬಹುದು, ಅದರಿಂದ ಒಂದು ಕೂದಲೆಳೆಯೂ ಆಚೆ ಹೋಗುವಂತಿಲ್ಲ. ಅವಳು ಬಿಡಿಬಿಡಿಯಾಗಿ ಹೇಳಿದಳು. "ಅರ್ಜಿಗಿಂತ ಮುಂಚೆ ಜನಕ್ಕೆ ಗೊತ್ತಿದ್ದ ಸಾಧನದ ಮೇಲೆ ಯಾರಿಗೂ ಹಕ್ಕು ಕೊಡೋದಿಲ್ಲ. ಯಾವ ಅರ್ಜಿದಾರರಿಗೂ."

ಡ್ರೈವರ್ ಅವಳ ಮುಖ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಎರಡು ಕಡತಗಳನ್ನು ನೋಡಿದ, ಮೊದಲು ತನ್ನದು, ಆಮೇಲೆ ಪಕ್ಕದ್ದು. ಏಜೆಂಟನಿಗೆ ಮೊದಲೇ ಅರ್ಥವಾಗಿತ್ತು, ಜಾಣನಲ್ಲವೇ. ಅವನು ಕಣ್ಣು ಮುಚ್ಚಿಕೊಂಡ.

"ಅಂದ್ರೆ ಅವರಿಗೂ ಇಲ್ಲ," ಎಂದ ಡ್ರೈವರ್. "ನಮ್ಮ ಗಾಡಿಗಳಿಂದ ಯಾರೂ ಕೀಳೋ ಹಾಗಿಲ್ಲ."

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

"ಬರ್ಕೊಳ್ಳಮ್ಮಾ," ಎಂದು ಡ್ರೈವರ್ ಟೈಪಿಸ್ಟಳ ಕಡೆ ತಿರುಗಿದ. ಹೇಳುತ್ತ ಹೋದ. ಸೀಮೆಸುಣ್ಣದ ಚಿತ್ರ, ಕಲಿತವರು, ಎಂಜಿನಿಯರು, ಎಲ್ಲ.

ಆದರೆ ಬಾಯಿಮಾತಿಗೆ ಬೆಲೆಯೆಷ್ಟು? ಕಂಪನಿಯ ವಕೀಲರು ಮರುದಿನವೇ ತಕರಾರು ತೆಗೆದರು: ಒಬ್ಬ ಡ್ರೈವರ್, ಅವನ ಸ್ನೇಹಿತರು, ಎಲ್ಲ ಸೇರಿ ಕಟ್ಟಿದ ಕಥೆ. ತಮ್ಮ ಅರ್ಜಿಗಿಂತ ಹಳೆಯದಾದ ಒಂದೇ ಒಂದು ಸಾಧನವನ್ನು ತೋರಿಸಲಿ. ಅಂಗಳದ ಗಾಡಿಗಳಲ್ಲಿದ್ದವುಗಳನ್ನೆಲ್ಲ ಡ್ರೈವರ್ ಬಿಚ್ಚಿ, ಎಣ್ಣೆ ಬದಲಿಸಿ, ಹೊಸ ರಬ್ಬರ್ ಹಾಕುತ್ತಲೇ ಇದ್ದ. ಒಳ್ಳೆಯ ಕೆಲಸಗಾರ ಅಂದರೆ ಇದೇ ಕಷ್ಟ, ಹಳೆಯದೊಂದೂ ಉಳಿದಿರಲಿಲ್ಲ.

ಒಂದು ಬಿಟ್ಟು. ಅಂಗಳದ ಹಿಂದೆ, ಗೋಡೆಯ ಮೂಲೆಯಲ್ಲಿ, ಅಪಘಾತದಲ್ಲಿ ಪಲ್ಟಿಯಾದ ಒಂದು ಆಂಬುಲೆನ್ಸ್ ಬಿದ್ದಿತ್ತು. ಕಂಪನಿಯ ಅರ್ಜಿಗೆ ಬಹಳ ಮೊದಲೇ ಪೊಲೀಸರು ಎಳೆದು ತಂದು, ಬಾಗಿಲಿಗೆ ಮೊಹರು ಹಾಕಿ ಹೋಗಿದ್ದರು. ಕೇಸು ಮುಗಿಯಲಿಲ್ಲ, ಮೊಹರೂ ಒಡೆಯಲಿಲ್ಲ. ಪರೀಕ್ಷಕಿ ಅನುಮತಿ ತರಿಸಿ, ಎರಡೂ ಕಡೆಯವರನ್ನು ಕರೆಸಿ, ಸ್ಥಳಪರೀಕ್ಷೆಗೆ ಹೋದಳು.

ಅಂಗಳದ ಡ್ರೈವರ್‌ಗಳೆಲ್ಲ ಸುತ್ತ ನಿಂತಿದ್ದರು. ಕಂಪನಿಯ ವಕೀಲರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಪೊಲೀಸಿನವನು ಮೊಹರು ಒಡೆದ. ಬಾಗಿಲು ತೆರೆದರೆ ಒಳಗೆ ಹಲ್ಲಿ, ಧೂಳು, ಮುರಿದ ಗಾಜು. ಸ್ಟ್ರೆಚರು ಒಂದು ಬದಿಗೆ ಬಾಗಿತ್ತು. ಅದರ ಕೆಳಗೆ ತುಕ್ಕು ಹಿಡಿದ ಕೊಳವೆ ಕಾಣಿಸಿತು.

"ಕೊಳವೆ ಇದ್ದ ಮಾತ್ರಕ್ಕೆ ಏನಾಯ್ತು?" ಎಂದರು ವಕೀಲರು. "ಒಳಗೆ ರೆಪ್ಪೆ ಇರಬೇಕಲ್ಲ. ಬರೀ ಸ್ಪ್ರಿಂಗ್ ಇದ್ದರೆ?"

ನಟ್ಟುಗಳು ತುಕ್ಕಿಗೆ ಬೆಸೆದುಕೊಂಡಿದ್ದವು, ಪಾನಾಕ್ಕೆ ಜಗ್ಗಲಿಲ್ಲ. ಗರಗಸ ತಂದರು. ಡ್ರೈವರ್ ಮುಂದೆ ಬಂದ. "ನೀವು ಮುಟ್ಟೋ ಹಾಗಿಲ್ಲ," ಎಂದು ವಕೀಲರು ತಡೆದರು. ಕೊನೆಗೆ ಪೊಲೀಸಿನವನೇ ಕೊಯ್ಯತೊಡಗಿದ. ಕಿರ್ ಕಿರ್ ಸದ್ದು ಹಲ್ಲಿನೊಳಗೆ ಇಳಿಯುತ್ತಿತ್ತು. ರಬ್ಬರ್ ಕರಗಿಹೋಗಿದ್ದರೆ? ಎಣ್ಣೆ ಸೋರಿ ಎಲ್ಲ ಪುಡಿಯಾಗಿದ್ದರೆ? ಇವನು ತನ್ನ ಅರ್ಜಿಯನ್ನೂ ಕಳಕೊಂಡ, ಕಂಪನಿಯೂ ಗೆದ್ದಿತು ಎಂದಾದರೆ ಆ ಪಾಪ ಯಾರ ತಲೆಗೆ? ಯಾರಿಗೂ ಹಕ್ಕಿಲ್ಲ ಎಂದು ಹೇಳಿದ ತನ್ನ ನಾಲಿಗೆಯನ್ನು ಪರೀಕ್ಷಕಿ ಮನಸ್ಸಿನಲ್ಲೇ ಶಪಿಸಿಕೊಂಡಳು.

ಕೊಳವೆ ಎರಡಾಯಿತು. ಕರಿ ಎಣ್ಣೆ ತೊಟ್ಟಿಕ್ಕಿತು. ಪೊಲೀಸಿನವನು ಪಿಸ್ಟನ್ನನ್ನು ಹೊರಗೆಳೆದು ಬಟ್ಟೆಯಲ್ಲಿ ಒರೆಸಿ ಅವಳ ಕೈಗಿಟ್ಟ. ತೂತಿನ ಮೇಲೆ, ಸ್ವಲ್ಪ ಊದಿಕೊಂಡು, ಅಂಚು ಬಿರಿದು, ರಬ್ಬರಿನ ರೆಪ್ಪೆ ಇತ್ತು. ಬೆರಳಿಂದ ಒತ್ತಿದಳು. ತೆರೆಯಿತು. ಬಿಟ್ಟಳು. ನಿಧಾನಕ್ಕೆ ಮುಚ್ಚಿಕೊಂಡಿತು.

ವಕೀಲರು ನೋಡಿದರು, ಕರವಸ್ತ್ರ ಮಡಿಸಿ ಜೇಬಿಗಿಟ್ಟರು. ಡ್ರೈವರ್‌ಗಳು ಹೋ ಎಂದು ಕೂಗಿದರು. ಏಜೆಂಟ್ ಮಾತ್ರ ಮಾವನ ಹತ್ತಿರ ಹೋಗಿ ತೋಳು ಹಿಡಿದುಕೊಂಡ.

"ಎರಡೂ ಹೋಯ್ತು ಮಾವ," ಎಂದ. ದನಿ ಒಡೆದಿತ್ತು.

"ಹೋಗ್ಲಿ ಬಿಡಿ ಅಳಿಯಂದ್ರೇ. ನೀವು ಚೆನ್ನಾಗೇ ವಾದ ಮಾಡಿದ್ರಿ. ಮಗಳಿಗೆ ನಾನು ಹೇಳ್ತೀನಿ." ಹಾಗೆಂದವನ ಕಣ್ಣು ತುಂಬಿತ್ತು. ಸಂತೋಷಕ್ಕೋ ದುಃಖಕ್ಕೋ ಎಂದು ಕೇಳಿದ್ದರೆ ಎರಡಕ್ಕೂ ಎನ್ನುತ್ತಿದ್ದ.

ಪರೀಕ್ಷಕಿ ಗೋಡೆಯ ಮೇಲೆ ಕಾಗದ ಇಟ್ಟುಕೊಂಡು ಸ್ಥಳಪರೀಕ್ಷೆಯ ವರದಿ ಬರೆಯತೊಡಗಿದಳು. ಸಾಧನ ಸಿಕ್ಕ ಜಾಗ, ಮೊಹರಿನ ದಿನಾಂಕ, ರೆಪ್ಪೆಯ ಸ್ಥಿತಿ. ಆಮೇಲೆ ತಲೆ ಎತ್ತಿದಳು.

"ಇದನ್ನ ಮಾಡಿದವರು ಯಾರು?"

"ಮೆಲ್ಲಗಣ್ಣ!" ಎಂದು ಅಂಗಳವೇ ಕೂಗಿತು.

"ಹಾಗಲ್ಲ. ಪೂರ್ತಿ ಹೆಸರು ಬೇಕು. ಕಂಪನಿಯ ಅರ್ಜಿ ಯಾಕೆ ಬಿತ್ತು ಅಂತ ಆದೇಶದಲ್ಲಿ ಕಾರಣ ಬರೀಬೇಕು. ಇದನ್ನ ಇಂಥವರು ಮೊದಲೇ ಮಾಡಿ, ನಾಲ್ಕು ಜನಕ್ಕೆ ಕಲಿಸಿದ್ದರು ಅಂತ."

ಡ್ರೈವರ್ ಹೆಸರು ಹೇಳಿದ. ಪೂರ್ತಿ ಕೇಳಿದರೂ ಅಭ್ಯಾಸದಂತೆ ಅರ್ಧ ಮಾತ್ರ ಹೇಳಿದ. ಅವಳು ಬರೆದುಕೊಂಡಳು. ಅವನು ಹತ್ತಿರ ಬಂದು ಅವಳ ಕೈಯಡಿಯ ಕಾಗದವನ್ನು ಇಣುಕಿ ನೋಡಿದ.

"ಅಮ್ಮಾ, ಆ ಆದೇಶ ಸರ್ಕಾರಿ ಕಾಗದದಲ್ಲೇ ಬರುತ್ತಾ?"

"ಹೌದು."

"ಕಂಪನಿಯೋರಿಗೂ ಹೋಗುತ್ತಾ?"

"ಅವರಿಗೇ ಮೊದಲು ಹೋಗುತ್ತೆ."

ಅವನು ಮುಖ ಒರೆಸಿಕೊಂಡ, ಯೂನಿಫಾರ್ಮಿನ ಕಾಲರು ಸರಿ ಮಾಡಿಕೊಂಡ.

"ಹಾಗಾದ್ರೆ ಅದನ್ನ ಹೊಡೆದುಹಾಕಿ ಸರಿಯಾಗಿ ಬರ್ಕೊಳ್ಳಿ," ಎಂದ. "ನಮ್ಮಪ್ಪನ ಹೆಸರೂ ಸೇರಿಸಿ ಹೇಳ್ತೀನಿ."