ಹದಿಮೂರನೆಯ ಶೀಸೆ

"ಚಾ ತಗೋರಿ, ಅಂಜನಾಬಾಯಿಯವರ. ಆರಿ ಹೋಗ್ತದ," ಎಂದರು ಶಿವರಾಜಪ್ಪ ಪಾಟೀಲರು.

ಅಂಜನಾಬಾಯಿ ಕಪ್ಪನ್ನು ನೋಡಿದಳು. ಹೂಬಳ್ಳಿ ಬರೆದ ಪಿಂಗಾಣಿ ಕಪ್ಪು, ಕೆಳಗೆ ಬಸಿ. ಎರಡು ತಿಂಗಳ ಹಿಂದೆ ಭಾಲ್ಕಿಯ ಇದೇ ಮನೆಗೆ ಬಂದಾಗ ಅವಳ ಪಾಲಿಗೆ ಬಂದದ್ದು ಕಿಟಕಿಯ ಮೇಲೆ ಬೇರೆಯಾಗಿ ಕವುಚಿಟ್ಟಿದ್ದ ಸ್ಟೀಲ್ ಲೋಟ. ಆಗ ಅವಳು ಬರೀ 'ಏ ಅಂಜನಾ'. ಈಗ ಕಪ್ಪೂ ಬಂತು, 'ಅವರ' ಕೂಡ ಬಂತು. ಅಬ್ಬಬ್ಬಾ, ಒಂದು ಕಾಗದ ಮನುಷ್ಯನಿಗೆ ಎಷ್ಟು ಮರ್ಯಾದೆ ಕಲಿಸುತ್ತದೆ!

ಪಾಟೀಲರಿಗೆ ವಂಶಾವಳಿಯ ಹುಚ್ಚು. ಏಳು ತಲೆಮಾರಿನ ಪುಸ್ತಕ ಅಚ್ಚು ಹಾಕಿಸಬೇಕು, ಮನೆತನದಲ್ಲಿ ಹೊರಗಿನ ರಕ್ತ ಒಂದು ಹನಿಯೂ ಇಲ್ಲವೆಂದು ವಿಜ್ಞಾನವೇ ಸಾಕ್ಷಿ ಹೇಳಬೇಕು. ಬಸವ ಜಯಂತಿಯ ದಿನ ಮೈಕಿನ ಮುಂದೆ ನಿಂತು ಜಾತಿ ಸುಳ್ಳೆಂದು ಗಂಟಲು ಹರಿದುಕೊಳ್ಳುವ ಮಹಾನುಭಾವರೂ ಇವರೇ. ಉಗುಳಿನ ಡಿಎನ್‌ಎ ಹೋಲಿಸಿ ಯಾರಿಗೆ ಯಾರು ಎಷ್ಟು ಹತ್ತಿರವೆಂದು ಹೇಳುವ ಕಂಪನಿಯಿಂದ ಹದಿಮೂರು ಶೀಸೆ ತರಿಸಿ, ದಾಯಾದಿಗಳನ್ನೆಲ್ಲ ಕರೆಸಿ ಕೂಡಿಸಿದರು. ಆದರೆ ಕಂಡವರ ಎಂಜಲು ಮುಟ್ಟುವವರು ಯಾರು? ಬೀದರಿನ ಲ್ಯಾಬಿನಲ್ಲಿ ರಕ್ತ, ಕಫ ತೆಗೆಯುವ ಅಂಜನಾಬಾಯಿಗೆ ಹೇಳಿ ಕಳಿಸಿದರು. "ಇಂಥ ಕೆಲಸಕ್ಕ ಅಂಥವರೇ ಬೇಕು," ಎಂದು ಒಳಗೆ ಅಂದದ್ದು ಹೊರಗೆ ಕೂತವಳಿಗೆ ಚೆನ್ನಾಗಿಯೇ ಕೇಳಿಸಿತ್ತು.

ಹನ್ನೆರಡು ಶೀಸೆ ತುಂಬಿದವು. ಈ ಕಡೆಯ ಕಚೇರಿಗಳಲ್ಲಿ ಬರೆಯುವ ರೀತಿಯಲ್ಲೇ ಅವಳು ಪಟ್ಟಿ ಬರೆದಳು: ಶಿವರಾಜಪ್ಪ ತಂದೆ ಮಡೆಪ್ಪ, ಹೀಗೆ. ಒಂದು ಶೀಸೆ ಉಳಿಯಿತು.

"ಅದರಾಗ ನೀನಾ ಉಗುಳಿಬಿಡು," ಎಂದರು ಪಾಟೀಲರು. "ಬಾಜೂಕ ಹೊರಗಿನವರದೊಂದು ಇದ್ದರ ನಮ್ಮ ಮನೆತನ ಎಷ್ಟು ಬ್ಯಾರೆ ಅನ್ನೋದು ಪುಸ್ತಕದಾಗ ಎದ್ದು ಕಾಣ್ತದ."

ದಾಯಾದಿಗಳು ನಕ್ಕರು. ಅವಳು ಉಗುಳಿದಳು. ಆ ಮನೆಯಲ್ಲಿ ಆ ದಿನ ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಪಟ್ಟಿಯ ಹದಿಮೂರನೆಯ ಸಾಲಿನಲ್ಲಿ ಪಾಟೀಲರು ತಮ್ಮ ಕೈಯಾರೆ ಬರೆದರು: ಹೊರಗಿನಾಕಿ.

ಮೊನ್ನೆ ಪಾಟೀಲರಿಗೂ ಅವಳಿಗೂ ಫಲಿತಾಂಶ ಬಂತು. ಪಾಟೀಲರ ದೊಡ್ಡಪ್ಪ, ಚಿಕ್ಕಪ್ಪಂದಿರ ಮಕ್ಕಳಿಗೆಲ್ಲ ಹೊರಗಿನಾಕಿ ಹೊಂದುತ್ತಿದ್ದಳು. ಪಾಟೀಲರಿಗಂತೂ ಎಲ್ಲರಿಗಿಂತ ಹೆಚ್ಚು. ಇಬ್ಬರಿಗೂ ತಂದೆ ಒಬ್ಬನೇ, ತಾಯಿ ಬೇರೆ.

ಅವಳು ಮೊದಲು ಓಡಿದ್ದು ತನ್ನೂರು ಡಾಬಕಾಕ್ಕೆ. ತಾಯಿ ಶಾಲುಬಾಯಿ ಅಂಗಳದಲ್ಲಿ ಖಾಲಿ ಕೊಡಗಳನ್ನಿಟ್ಟುಕೊಂಡು ನೀರಿನ ಟ್ಯಾಂಕರಿಗೆ ಕಾಯುತ್ತಿದ್ದಳು. ಪಾಟೀಲರ ತಂದೆ ಮಡೆಪ್ಪನ ಹೆಸರು ಕೇಳಿದ್ದೇ ಮುದುಕಿ ಹಿಡಿದಿದ್ದ ಕೊಡವನ್ನು ಕೆಳಗಿಟ್ಟಳು.

"ಎಪ್ಪತ್ತೆರಡರ ಬರ," ಎಂದಳು. "ನಿಮ್ಮಪ್ಪ ದುಡೀಲಿಕ್ಕ ಮುಂಬೈಗಿ ಹೋಗಿದ್ದ. ಬರಗಾಲದ ಕೆರಿ ಕೆಲಸದಾಗ ಹಾಜರಿ ಆ ಮಡೆಪ್ಪನ ಕೈಯಾಗಿತ್ತು. ಅವ ಕರೆದ ಕಡಿ ಹೋಗಲಿಲ್ಲಂದ್ರ ಹಾಜರಿ ಇಲ್ಲ, ಕೂಲೀನೂ ಇಲ್ಲ. ಮನ್ಯಾಗ ನಿಮ್ಮಜ್ಜಿ ಉಪಾಸ ಬಿದ್ದಿದ್ಳು."

"ಅಪ್ಪಗ ಗೊತ್ತಿತ್ತೇನವಾ?"

"ಅಂವ ತಿರುಗಿ ಬಂದಾಗ ನಿನಗ ಮೂರು ತಿಂಗಳು. ನಾ ಎಲ್ಲಾ ಹೇಳಿದೆ. ತೊಟ್ಟಿಲದಾಗಿಂದ ನಿನ್ನ ಎತ್ತಿಕೊಂಡು, 'ಈಕಿ ನನ್ನ ಮಗಳು' ಅಂದ. ಮತ್ತ ಎಂದೂ ಆ ಮಾತು ತಗೀಲಿಲ್ಲ."

ಅಂಜನಾಬಾಯಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಾಲೆಗೆ ಹೊತ್ತವನು ಆ ಅಪ್ಪ, ಕಾಶೀರಾಮ. ಸಾಯುವ ಮುಂದೆ ಅವಳ ಕೈ ಹಿಡಿದುಕೊಂಡಿದ್ದವನೂ ಅವನೇ. ಹಾಳು ಕಾಗದವೊಂದು ಅಂಥ ಅಪ್ಪನನ್ನು ತನ್ನಿಂದ ಕಿತ್ತುಕೊಳ್ಳುವುದೆಂದರೇನು? ಡಾಬಕಾದಿಂದ ಭಾಲ್ಕಿಯವರೆಗೂ ಬಸ್ಸಿನಲ್ಲಿ ಅವಳಿಗೆ ಇದೇ ಸಂಕಟ.

"ಮಶೀನಿನ ಗಲತಿ ಇರಬೇಕ್ರಿ," ಎನ್ನುತ್ತಿದ್ದರು ಪಾಟೀಲರು ಈಗ.

"ಹನ್ನೆರಡು ಮಂದೀದು ಬರೋಬರ್ ಬಂತು, ನನ್ನದಷ್ಟೇ ಗಲತಿ ಏನ್ರಿ?"

ಪಾಟೀಲರು ಗೋಡೆಯ ಮೇಲಿದ್ದ ಮಡೆಪ್ಪನ ಫೋಟೊ ನೋಡಿದರು. ಹಣೆಗೆ ದಪ್ಪ ವಿಭೂತಿ, ಕೊರಳಿಗೆ ಗಂಧದ ಹಾರ.

"ಹಿರಿಯರು ಹೋಗಿ ಇಪ್ಪತ್ತು ವರ್ಷಾತು. ಅವರ ಹೆಸರು ಹಾಳಾಗೂದು ಬ್ಯಾಡ್ರಿ. ನಿಮಗ ಹೊಲದಾಗ ಪಾಲು, ಹಿಸ್ಸಾ ಬೇಕಂದ್ರ ಕುಂತು ಮಾತಾಡೋಣು."

ಹಿಸ್ಸಾ! ಅಂಜನಾಬಾಯಿಗೆ ನಗು ಬಂತು. ತಾಯಿಯ ಬಗ್ಗೆ ಒಂದು ಮಾತು ಕೇಳಲಿಲ್ಲ ಈ ಮನುಷ್ಯ, ಹೊಲದ ಚಿಂತೆ ಇವನಿಗೆ.

"ನಿಮ್ಮಪ್ಪಂದು ನನ್ನ ಮೈಯಾಗಿರೋ ಹಿಸ್ಸಾಕ್ಕೇ ನನಗ ಹೇಸಿಗಿ ಬಂದದ, ಪಾಟೀಲ್ರ. ಇನ್ನೊಂದು ಯಾಕ ಬೇಕ್ರಿ?"

ಪಾಟೀಲರ ಮುಖ ಇಷ್ಟಾಯಿತು. ಅವಸರದಿಂದ ಕಪಾಟಿನೊಳಗಿನ ಪಟ್ಟಿ ತಂದು ತೋರಿಸಿದರು. 'ಹೊರಗಿನಾಕಿ' ಎಂಬುದನ್ನು ಎಷ್ಟು ಗೀಚಿದ್ದರೆಂದರೆ ಕಾಗದವೇ ಹರಿದಿತ್ತು.

"ನೋಡ್ರಿ, ನಿಮ್ಮ ಸಾಲೇ ತಗದೇನಿ. ನೀವು ಉಗುಳೇ ಇಲ್ಲ ಅಂತ ತಿಳಕೋರಿ."

ಅವಳು ಅವರ ಜೇಬಿನ ಪೆನ್ನಿಗೆ ಕೈ ಚಾಚಿದಳು. ಪಾಟೀಲರು ಕೊಟ್ಟರು. ಹರಿದ ಜಾಗದ ಕೆಳಗೆ ನಿಧಾನವಾಗಿ ಒಂದು ಸಾಲು ಬರೆದು, ಪಟ್ಟಿಯನ್ನು ಅವರತ್ತ ತಿರುಗಿಸಿದಳು.

"ಓದ್ರಿ."

"ಅಂಜನಾಬಾಯಿ..." ಎಂದವರು ಅಲ್ಲೇ ತಡೆದು, ಮತ್ತೆ ಗೋಡೆಯ ಕಡೆ ನೋಡಿದರು.

"ಅಲ್ಲೇನು ನೋಡ್ತೀರಿ? ಮುಂದ ಬರದೇನಲ್ರಿ. ಜೋರಲೆ ಓದ್ರಿ."

"ತಂದೆ... ಕಾಶೀರಾಮ. ಡಾಬಕಾ."

"ಇನ್ನೊಮ್ಮಿ."

ಪಾಟೀಲರು ಇನ್ನೊಮ್ಮೆ ಓದಿದರು. ಅಂಜನಾಬಾಯಿ ಪೆನ್ನನ್ನು ಪಟ್ಟಿಯ ಮೇಲಿಟ್ಟು ಎದ್ದಳು. ಪಿಂಗಾಣಿ ಕಪ್ಪಿನ ಚಹಾ ಕೆನೆಗಟ್ಟಿತ್ತು. ಕಿಟಕಿಯ ಮೇಲೆ ಸ್ಟೀಲ್ ಲೋಟ ಇನ್ನೂ ಕವುಚಿಯೇ ಇತ್ತು.